ಆಷಾಢದಲ್ಲಿ ಒಂದು ಸ್ವತಂತ್ರ ದ್ವೀಪ

ತನ್ನನ್ನು ತಾನು ಆಳಿಕೊಳ್ಳುವ ಹಕ್ಕಿಗಿಂತ ದೊಡ್ಡ ಹಕ್ಕು ಮನುಷ್ಯನಿಗೂ ಇಲ್ಲ, ರಾಷ್ಟ್ರಕ್ಕೂ ಇಲ್ಲ. ಧಾರವಾಡದಲ್ಲಿ ಹುಟ್ಟಿ, ಅರ್ಧಕ್ಕಿಂತ ಹೆಚ್ಚು ಆಯುಷ್ಯವನ್ನು ಲಂಡನ್ನಿನಲ್ಲಿ ಕಳೆದು ನಾನು ಕಂಡುಕೊಂಡ ಸತ್ಯ ಇದು. ಇದನ್ನು ಬರೆಯುವಾಗ ಹ್ಯಾರೋದ ನನ್ನ ಸ್ವಂತ ಮನೆಯಲ್ಲಿ ಎರಡು ಸ್ವೆಟರು ಹಾಕಿಕೊಂಡು ಕೂತಿದ್ದೇನೆ, ಏಕೆಂದರೆ ಹೀಟಿಂಗಿನ ಗುಂಡಿ ಮುಟ್ಟುವ ಅಧಿಕಾರ ನನಗಿಲ್ಲ. ಮನೆ ಕೊಂಡವನು ನಾನು, ಗುಂಡಿ ಹೆಂಡತಿಯದು. ಅವಳು ಅದನ್ನು ಹದಿನೇಳು ಡಿಗ್ರಿಯ ಮೇಲೆ ಏರಗೊಡುವುದಿಲ್ಲ. ಹಿತ್ತಲಿನ ಶೆಡ್ ಮಾತ್ರ ಸಂಪೂರ್ಣವಾಗಿ ನನ್ನ ಆಡಳಿತಕ್ಕೆ ಒಳಪಟ್ಟಿದೆ. ಅಲ್ಲಿ ಹೀಟಿಂಗೇ ಇಲ್ಲ.

ಸ್ವಯಮಾಡಳಿತ ಎಂಬ ದೊಡ್ಡ ಮಾತು ನಮ್ಮ ಮನೆಯೊಳಗೆ ಕಾಲಿಟ್ಟದ್ದು ನನ್ನ ಹೆಂಡತಿಯ ಅಕ್ಕನ ಮಗಳ ಜೊತೆಗೆ. ವಿಜಯಪುರದ ಹುಡುಗಿ. ಗ್ರೀನ್‌ಫರ್ಡಿನ ಕೇರ್ ಹೋಮ್ ಒಂದರಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಬಂದು, ನಮ್ಮ ಬಾಕ್ಸ್ ರೂಮ್ ಎಂಬ ಸಾಮಾನಿನ ಗೂಡಿನಲ್ಲಿ, ಇಸ್ತ್ರಿ ಮೇಜು ಮತ್ತು ನನ್ನ ಹಳೆಯ ಸೂಟ್‌ಕೇಸುಗಳ ನಡುವೆ, ಎರಡು ವರ್ಷ ಮಲಗಿದಳು. ಆಮೇಲೆ ಒಂದು ದ್ವೀಪದಲ್ಲಿ ಅದೇ ಕೆಲಸ ಸಿಕ್ಕಿತು. ಇರಲು ಕಿಟಕಿಯಿರುವ ಕೋಣೆಯನ್ನೂ ಕೊಡುತ್ತೇವೆಂದರು. ಕಿಟಕಿಯ ಮಾತು ಕೇಳಿ ಹೊರಟುಬಿಟ್ಟಳು.

ದ್ವೀಪದ ಹೆಸರು ಹೇಳುವುದಿಲ್ಲ. ಸಣ್ಣ ಜಾಗಗಳಿಗೆ ಮಾನ ಬಹಳ ಸೂಕ್ಷ್ಮ. ಬ್ರಿಟನ್ನಿನ ದಂಡೆಯಿಂದ ದೂರವಲ್ಲ. ಆದರೆ ಬ್ರಿಟನ್ನಿಗೆ ಸೇರಿದ್ದೂ ಅಲ್ಲ. ರಾಜ ಒಬ್ಬನೇ, ಪಾರ್ಲಿಮೆಂಟ್ ಬೇರೆ. ತನ್ನದೇ ಕಾನೂನು, ತನ್ನದೇ ತೆರಿಗೆ, ತನ್ನದೇ ಅಂಚೆಚೀಟಿ, ತನ್ನದೇ ನೋಟು. ಲಂಡನ್ನಿನ ಪಾರ್ಲಿಮೆಂಟಿಗೆ ಅಲ್ಲಿಂದ ಒಬ್ಬ ಸದಸ್ಯನೂ ಬರುವುದಿಲ್ಲ. ಅಲ್ಲಿಂದ ಇಲ್ಲಿಗೆ ವಿಮಾನದಲ್ಲಿ ಬಂದರೆ ಪಾಸ್‌ಪೋರ್ಟನ್ನೂ ಯಾರೂ ಕೇಳುವುದಿಲ್ಲ. ಈ ಕೊನೆಯ ಸಂಗತಿ ಆಗ ನಮಗೆ ಒಂದು ಸೌಕರ್ಯವಾಗಿ ಮಾತ್ರ ಕಂಡಿತ್ತು.

ಮೊದಲ ರಜೆಗೆ ಬಂದಾಗ ಹುಡುಗಿ ಹೊಸ ದೇಶಭಕ್ತಳಾಗಿದ್ದಳು. ಜೋಳದ ಹಿಟ್ಟು ತರಲು ಕ್ವೀನ್ಸ್‌ಬರಿಯ ಅಂಗಡಿಗೆ ಹೋದೆವು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವಳು ತನ್ನ ದ್ವೀಪದ ನೋಟು ತೆಗೆದು ಕೌಂಟರಿನ ಮೇಲಿಟ್ಟಳು.

"ಇರ್ಲಿ ಕಾಕಾ. ಇವತ್ತ ನಮ್ಮ ದೇಶದ ರೊಕ್ಕ ಓಡ್ಲಿ."

ಅಂಗಡಿಯ ಗುಜರಾತಿ ಯಜಮಾನ ನೋಟನ್ನು ಬೆಳಕಿಗೆ ಹಿಡಿದ, ಮಗುಚಿದ, ಪಕ್ಕದಲ್ಲಿದ್ದ ಹೆಂಡತಿಗೆ ತೋರಿಸಿದ. ಇಬ್ಬರೂ ಸೇರಿ ನಕ್ಕರು. ಮಕ್ಕಳ ಆಟದ ದುಡ್ಡು ತಂದಿದ್ದೀರಲ್ಲ ಅಂಕಲ್, ಎಂದು ಇಂಗ್ಲಿಷಿನಲ್ಲಿ ಕೇಳಿದ. ಅದರ ಬೆಲೆ ಪೌಂಡಿಗೆ ಸರಿಸಮ ಎಂದು ಹುಡುಗಿ ವಾದಿಸಿದಳು. ಅಲ್ಲಿ ಸರಿಸಮ ಇರಬಹುದು, ಇದು ಕ್ವೀನ್ಸ್‌ಬರಿ ಎಂದ. ನಾನು ಕಾರ್ಡು ತೋರಿಸಿದೆ. ದಾರಿಯುದ್ದಕ್ಕೂ ಅವಳು ಅಂಗಡಿಯವನ ಅಜ್ಞಾನವನ್ನು ಹಳಿದಳು. ಅಂಗಡಿಯವನು ಅಂತರರಾಷ್ಟ್ರೀಯ ವ್ಯವಹಾರವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಅರಿತಿದ್ದನೆಂದು ನನಗೆ ಅನ್ನಿಸಿದ್ದು ಬಹಳ ತಡವಾಗಿ.

ಮರುವರ್ಷ ಬೇಸಿಗೆಯಲ್ಲಿ ಬ್ರಿಟನ್ನಿನ ಚುನಾವಣೆ ಬಂತು. ಹಳೆಯ ಸರಕಾರ ಕೂತು ಕೂತು ಕುರ್ಚಿಗೇ ಅಂಟಿತ್ತು. ನಾನು ಬದಲಾವಣೆಯ ಪಕ್ಷದವನು. ಮುಂದಿನ ಕಿಟಕಿಗೆ ಪೋಸ್ಟರು ಅಂಟಿಸಿದೆ. ಬಿಸಿಲು ಬರುವುದಿಲ್ಲವೆಂದು ಹೆಂಡತಿ ಅದನ್ನು ಶೆಡ್ಡಿಗೆ ವರ್ಗಾಯಿಸಿದಳು. ಪಕ್ಕದ ಬೀದಿಯ ಶಾಲೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, ಪೆನ್ಸಿಲ್ಲಿನಿಂದ ಗುರುತು ಹಾಕಿ ಬಂದೆ. ಸರಕಾರ ಬದಲಾಯಿತು. ನನ್ನ ಪಾಲೂ ಅದರಲ್ಲಿ ಇತ್ತೆಂಬ ಹೆಮ್ಮೆಯಲ್ಲಿ ಹುಡುಗಿಗೆ ಫೋನ್ ಮಾಡಿದೆ.

"ಅಭಿನಂದನೆ ಕಾಕಾ," ಎಂದಳು. "ನಿಮ್ಮ ಸರಕಾರ ಛಲೋ ಆಗಲಿ. ನಮಗೇನು ಸಂಬಂಧ ಇಲ್ಲ ಬಿಡ್ರಿ. ನಾವು ಪರದೇಶದವರು."

"ಪರದೇಶದವರಿಗೆ ಉಪ್ಪಿನಕಾಯಿ ಕಳಸೂದು ಯಾರು?"

"ಅದು ಆಮದು. ಬ್ಯಾರೇ ಖಾತೆ."

ಮುಂದಿನ ವೈಶಾಖದಲ್ಲಿ ಅವಳು ವಿಜಯಪುರಕ್ಕೆ ಹೋಗಿ ಮದುವೆಯಾಗಿ ಬಂದಳು. ಹುಡುಗ ಅಲ್ಲಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಮಾತು ಕಡಿಮೆ, ನಗು ಸಾಕಷ್ಟು. ರಜೆಯೆಲ್ಲ ಮದುವೆ, ಬೀಗರೂಟ, ದೇವರ ದರ್ಶನಗಳಿಗೇ ಹೋಯಿತು. ಗಂಡ ಹೆಂಡತಿ ಎಂದು ಇಬ್ಬರೇ ಕೂತು ಮಾತಾಡಿದ್ದು ವಿಮಾನ ನಿಲ್ದಾಣದ ದಾರಿಯಲ್ಲಿ, ಅದೂ ಕಾರಿನ ಮುಂದಿನ ಸೀಟಿನಲ್ಲಿ ಮಾವ ಕೂತಿರುವಾಗ. ಇನ್ನು ಉಳಿದದ್ದು ಒಂದೇ ಕೆಲಸ: ಗಂಡನನ್ನು ದ್ವೀಪಕ್ಕೆ ಕರೆಸಿಕೊಳ್ಳುವುದು. ಅಲ್ಲಿಯ ನಿಯಮದ ಪ್ರಕಾರ ಅವಳಂಥ ಕೆಲಸದವರು ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬಹುದಿತ್ತು. ಕೇರ್ ಹೋಮಿನಲ್ಲಿ ಒಬ್ಬ ಮುದುಕ, ಮೊದಲು ಹಡಗಿನಲ್ಲಿದ್ದವನು, ದಿನಾ ಬೆಳಿಗ್ಗೆ ಗಂಜಿ ಕುಡಿಯುವ ಮುಂಚೆ ಕೇಳುತ್ತಿದ್ದನಂತೆ: ನಿನ್ನ ಯಜಮಾನ ಬಂದನೇ? ಇನ್ನೂ ಇಲ್ಲ ಎಂದರೆ, ಗಾಳಿ ಸರಿಯಿಲ್ಲ, ಅದಕ್ಕೇ, ಎನ್ನುತ್ತಿದ್ದನಂತೆ.

ಅಷ್ಟರಲ್ಲಿ ನಾನು ಇಸ್ತ್ರಿ ಅಂಗಿ ತೊಟ್ಟು ಆರಿಸಿದ ಸರಕಾರ, ತಾನು ಮೆತ್ತಗಿನದಲ್ಲ ಎಂದು ತೋರಿಸಲು, ಹೊರಗಿನಿಂದ ಬರುವವರ ವಿಷಯದಲ್ಲಿ ನಿಯಮ ಇನ್ನೂ ಬಿಗಿ ಮಾಡುತ್ತೇವೆಂದು ಸಾರಿತು. ಹಳೆಯ ಸರಕಾರ ಅರ್ಧ ಮುಚ್ಚಿದ್ದ ಬಾಗಿಲನ್ನು ಹೊಸದು ಪೂರ್ತಿ ಮುಚ್ಚುವ ಲಕ್ಷಣ ಕಂಡಿತು. ದ್ವೀಪದವರು ಮಾತ್ರ ಗಂಭೀರವಾಗಿ, ನಮ್ಮ ಅಗತ್ಯಗಳನ್ನು ನಾವೇ ಪರಿಶೀಲಿಸಿ ನಿರ್ಧರಿಸುತ್ತೇವೆ ಎಂದರು.

ನನಗೆ ದಿಗಿಲಾಯಿತು. ಶನಿವಾರ ಬೆಳಿಗ್ಗೆ ದೇವಸ್ಥಾನದ ಅಡುಗೆಮನೆಯಲ್ಲಿ ನಾವು ಕೆಲವರು ತರಕಾರಿ ಹೆಚ್ಚುವ ಸೇವೆ ಮಾಡುತ್ತೇವೆ. ಪುಣ್ಯದ ಪಾಲು ಹುಳಿಗೆ, ರಾಜಕೀಯದ ಪಾಲು ನಮಗೆ. ನನ್ನ ಎದುರಿಗೆ ಕೂರುವವರು ಬೆಂಗಳೂರಿನವರು, ಸಾಫ್ಟ್‌ವೇರ್ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಆ ದ್ವೀಪದ ಬ್ಯಾಂಕೊಂದರ ಕೆಲಸಕ್ಕೆ ಮೂರು ಸಲ ಹೋಗಿಬಂದಿದ್ದರಿಂದ ಅದರ ಸಂವಿಧಾನದಲ್ಲಿ ಪಾರಂಗತರಾಗಿದ್ದರು.

"ಸಾರ್, ನೀವ್ ಸುಮ್ನೆ ಟೆನ್ಷನ್ ತಗೋತೀರ," ಎಂದರು, ಬೀನ್ಸಿನ ನಾರು ತೆಗೆಯುತ್ತಾ. "ಅದು ಟೆಕ್ನಿಕಲಿ ಯು.ಕೆ.ನೇ ಅಲ್ಲ. ಅವರ ಪಾರ್ಲಿಮೆಂಟ್ ಇವರದಕ್ಕಿಂತ ಹಳೇದು ಗೊತ್ತಾ?"

"ಹಳೇದಾದ ಮಾತ್ರಕ್ಕ ಗಟ್ಟಿ ಅಂತೇನಿಲ್ಲ," ಎಂದೆ. "ನನ್ನ ಮೊಣಕಾಲು ನೋಡ್ರಿ."

"ಇಲ್ಲಿ ಗೌರ್ಮೆಂಟ್ ಚೇಂಜ್ ಆದ್ರೆ ಅವರಿಗೇನ್ ಸಾರ್? ಇಲ್ಲಿ ಮಳೆ ಬಂದ್ರೆ ಒದ್ದೆ ಆಗೋದು ನಾವು."

"ಮಳಿ ಆ ಕಡೆಯಿಂದನ ಬರ್ತದಲ್ರೀ ಇಲ್ಲಿಗೆ."

"ಅಯ್ಯೋ, ಲಾಜಿಕ್ ನೋಡಿ ಸಾರ್. ಆ ಐಲ್ಯಾಂಡ್ ತುಂಬಾ ಮುದುಕರು. ಕೇರರ್ ಇಲ್ಲ ಅಂದ್ರೆ ಅವರಿಗೆ ಬೆಳಗೇ ಆಗಲ್ಲ. ತಮ್ಮ ಕಾಲಿಗೆ ತಾವೇ ಯಾಕೆ ಕಲ್ಲು ಹಾಕ್ಕೋತಾರೆ?"

ಮನುಷ್ಯರು ತಮ್ಮ ಕಾಲಿಗೆ ಕಲ್ಲು ಹಾಕಿಕೊಳ್ಳುವುದಿಲ್ಲವೆಂದು ನಂಬಲು ಇನ್ನೂ ವಯಸ್ಸು ಚಿಕ್ಕದಿರಬೇಕು. ನಾನು ಮನೆಗೆ ಬಂದವನೇ ಹುಡುಗಿಗೆ ಫೋನ್ ಮಾಡಿ, ಕಾಗದಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕು, ಒಂದು ದಿನವೂ ಕಾಯಬೇಡ ಎಂದೆ. ಆಗಲಿ ಕಾಕಾ ಎಂದಳು. ಮದುವೆ ನೋಂದಣಿಯ ಪ್ರತಿ ಬಂತು. ಹುಡುಗ ಬೆಂಗಳೂರಿಗೆ ಹೋಗಿ ವೀಸಾಕ್ಕೆ ಬೇಕಾದ ಕ್ಷಯದ ತಪಾಸಣೆ ಮಾಡಿಸಿಕೊಂಡ. ಕೊನೆಗೆ ಅದರ ಸರ್ಟಿಫಿಕೇಟೂ ಬಂತು. ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ.

ಮರುದಿನದಿಂದ ಆಷಾಢ.

ಅಂದು ಸಂಜೆ ವಿಡಿಯೋ ಕರೆಯಲ್ಲಿ ಒಂದು ಸಭೆ ಸೇರಿತು. ಹ್ಯಾರೋದಿಂದ ನಾನು, ನನ್ನ ಹೆಂಡತಿ, ದ್ವೀಪದಿಂದ ಹುಡುಗಿ, ವಿಜಯಪುರದಿಂದ ಅವಳ ಅತ್ತೆ. ಅತ್ತೆಯವರು ಫೋನನ್ನು ಟೀಪಾಯಿಯ ಮೇಲೆ ಅಂಗಾತ ಇಟ್ಟಿದ್ದರಿಂದ ನಮಗೆ ಕಂಡದ್ದು ಸೀಲಿಂಗ್ ಫ್ಯಾನು ಮಾತ್ರ. ಸಭೆ ಮುಗಿಯುವವರೆಗೂ ಆ ಫ್ಯಾನೇ ಮಾತಾಡಿತು.

"ಇವತ್ತಂತೂ ಅಮಾಸಿ, ಬ್ಯಾಡ," ಎಂದಿತು ಫ್ಯಾನು. "ನಾಳಿಂದ ಆಷಾಢ. ಹೊಸಾ ಮದುವಿ, ಮೊದಲನೇ ಆಷಾಢ. ಗಂಡ-ಹೆಂಡ್ತಿ ಕೂಡೂ ಕೆಲಸಾ ಯಾರರ ಆಷಾಢದಾಗ ಹಚ್ಚಿಕೊಳ್ತಾರೇನ್ರಿ?"

"ಈಗ ಕೂಡೂದಿಲ್ರೀ, ಬರೇ ಅರ್ಜಿ," ಎಂದೆ. "ಅವರು ಅದನ್ನ ನೋಡಿ ಹೂಂ ಅನ್ನೂದರಾಗ ಶ್ರಾವಣಾನೂ ಮುಗೀತದ, ಗಣಪತೀನೂ ನೀರಿಗೆ ಹೋಗಿರ್ತಾನ."

"ಸುರುವಾತು ಆಷಾಢದಾಗ ಆದಂಗ ಆತಲ್ರೀ."

"ಸುರುವಾತೇನು, ಕಂಪ್ಯೂಟರಿನಾಗ ಒಂದು ಗುಂಡಿ ಒತ್ತೂದು."

"ಗುಂಡಿ ಒತ್ತೂದಾದ್ರ ಶ್ರಾವಣದಾಗ ಒತ್ರಿ. ಗುಂಡಿ ಎಲ್ಲಿ ಹೋಗ್ತದ?"

ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಸೂರಿನಡಿ ಇರಬಾರದೆಂಬುದು ನಮ್ಮ ಕಡೆಯ ಶಾಸ್ತ್ರ. ಅತ್ತೆ ವಿಜಯಪುರದಲ್ಲಿ, ಸೊಸೆ ಸಮುದ್ರದ ನಡುವೆ. ಇದಕ್ಕಿಂತ ಕಟ್ಟುನಿಟ್ಟಾಗಿ ಆಷಾಢ ಆಚರಿಸಿದ ಮನೆತನ ಚರಿತ್ರೆಯಲ್ಲಿ ಇರಲಾರದು ಎಂದು ನಾನು ನಿವೇದಿಸಿಕೊಂಡೆ. ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

"ನೀವು ಸುಮ್ಮನ ಕೂಡ್ರಿ. ಒಂದು ತಿಂಗಳದ ಮಾತು. ಬೀಗತ್ಯಾರ ಮನಸ್ಸಿಗೆ ಯಾಕ ನೋವು?" ಎಂದು, ಫ್ಯಾನಿಗೆ ಕೇಳುವಂತೆ ದನಿ ಏರಿಸಿ, "ಶ್ರಾವಣ ಹತ್ತಿದ ಕೂಡ್ಲೆ ಹಾಕೂಣ್ರಿ, ಚಿಂತೀ ಮಾಡಬ್ಯಾಡ್ರಿ," ಎಂದಳು.

"ಲಂಡನ್ನಿನವರು ಏನೋ ಮಾಡಾಕ ಹತ್ಯಾರ," ಎಂದೆ.

"ಅದು ಬ್ಯಾರೇ ರಾಜ್ಯ ಅಂತ ನಿಮ್ಮ ಬೆಂಗಳೂರು ದೋಸ್ತನ ಹೇಳಿದ್ನಲ್ಲ?"

ಧರ್ಮಶಾಸ್ತ್ರವೂ ಸಂವಿಧಾನವೂ ಒಟ್ಟಿಗೆ ಎದುರು ನಿಂತಾಗ ಒಬ್ಬ ಮನುಷ್ಯ ಏನು ಮಾಡಬಲ್ಲ? ಎಲ್ಲರೂ ಹುಡುಗಿಯ ಮುಖ ನೋಡಿದೆವು. ಅವಳು ಕೆಲಸದ ನೀಲಿ ಅಂಗಿಯಲ್ಲೇ ಕೂತಿದ್ದಳು. ಆಗಲಿ ಅತ್ತಿ, ಎಂದಳು.

ಆಮೇಲೆ ನನಗೊಬ್ಬನಿಗೇ ಫೋನ್ ಮಾಡಿದಳು. ಅವಳು ಅತ್ತೆಯನ್ನು ಬೈಯಲಿ ಎಂದು ಕಾಯುತ್ತಿದ್ದೆ, ಬೈಯಲಿಲ್ಲ.

"ಕಾಕಾ, ನಾ ಆ ಮನಿಗೆ ಹೋಗಿ ಸರಿಯಾಗಿ ಒಂದು ವಾರ ಇದ್ದಾಕಿ ಅಲ್ಲ. ಅವರು ನನಗ ಹೇಳಿದ ಮೊದಲನೇ ಮಾತು ಇದು. ಮೊದಲನೇ ಮಾತಿಗೇ ಒಲ್ಲೆ ಅನ್ಲೇನು? ಒಂದು ತಿಂಗಳಾ. ದ್ವೀಪ ಏನು ತೇಲಿ ಹೋಗ್ತದೇನು?"

ನಾನು ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿತ್ತು. ಗುಂಡಿ ಯಾವತ್ತೂ ನನ್ನ ಕೈಯಲ್ಲಿ ಇರಲಿಲ್ಲ.

ದ್ವೀಪ ತೇಲಿಯೇ ಹೋಯಿತು. ಆಷಾಢ ಮುಗಿಯಲು ಇನ್ನೂ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ಹುಡುಗಿಯ ಫೋನ್ ಬಂತು. ಹಿಂದೆ ಬಟ್ಟೆ ಒಣಗಿಸುವ ಯಂತ್ರ ಗಡಗಡ ಎನ್ನುತ್ತಿತ್ತು.

"ಕಾಕಾ, ಬಾಗಲಾ ಹಾಕಿದ್ರು."

"ಯಾರು?"

"ಇಲ್ಲಿಯವರ. ಲಂಡನ್ನಿನಾಗ ಹೆಂಗೋ ಇಲ್ಲೂ ಹಂಗ ಅಂತ. ಕೇರರ್ ಆದವರು ಇನ್ನ ಗಂಡನ್ನ ಕರಸಂಗಿಲ್ಲ."

"ಯಾವತ್ತಿನಿಂದ?"

"ಇವತ್ತಿನಿಂದ." ಯಂತ್ರದ ಸದ್ದು ನಿಂತಿತು. ಅವಳು ಬಾಗಿಲು ತೆರೆದು ಹಾಸಿಗೆಯ ಬಟ್ಟೆ ಹೊರತೆಗೆಯುವುದು ಕೇಳಿಸಿತು. "ಮೊದಲ ಅರ್ಜಿ ಹಾಕಿದವರದು ಹಳೇ ನಿಯಮದಾಗ ನಡೀತದಂತ. ನನ್ನ ಜೋಡಿ ಕೆಲಸಾ ಮಾಡೂ ಕೇರಳದಾಕಿ ಹೋದ ತಿಂಗಳಾ ಹಾಕಿದ್ಳು. ಆಕೀದು ನಡೀತದ." ಬಟ್ಟೆ ಕೊಡವುವ ಸದ್ದಿನ ನಡುವೆ, "ಆಕಿಗೆ ಆಷಾಢ ಇಲ್ಲ ನೋಡ್ರಿ," ಎಂದಳು.

ಕಾರಣ ಸರಳ. ದ್ವೀಪಕ್ಕೂ ಬ್ರಿಟನ್ನಿಗೂ ನಡುವೆ ಪಾಸ್‌ಪೋರ್ಟ್ ತಪಾಸಣೆ ಇಲ್ಲ. ದ್ವೀಪದ ಬಾಗಿಲು ತೆರೆದಿದ್ದರೆ ಅದೇ ಲಂಡನ್ನಿನ ಹಿಂಬಾಗಿಲು. ಆದ್ದರಿಂದ ಇಲ್ಲಿ ಅಗುಳಿ ಹಾಕಿದರೆ ಅಲ್ಲೂ ಹಾಕಲೇಬೇಕು, ಇಲ್ಲವಾದರೆ ಆ ಪಾಸ್‌ಪೋರ್ಟ್ ಇಲ್ಲದ ಓಡಾಟದ ಸುಖವೇ ಹೋಗುತ್ತದೆ. ಮುಂದಿನ ಶನಿವಾರ ಬೆಂಗಳೂರಿನವರು ಇದನ್ನೆಲ್ಲ ಗಜ್ಜರಿ ಹೆಚ್ಚುತ್ತಾ ನನಗೆ ವಿವರಿಸಿದರು, ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದವರಂತೆ.

"ಅಂದರ ಅವರು ಸ್ವತಂತ್ರ ಅಲ್ಲ?" ಎಂದೆ.

"ಛೇ ಛೇ, ಸ್ವತಂತ್ರಾನೇ ಸಾರ್. ಲಂಡನ್ ಏನೂ ಫೋರ್ಸ್ ಮಾಡಿಲ್ಲ. ಅವರ ಡಿಸಿಷನ್ ಅವರೇ ತಗೊಂಡಿದ್ದು. ಸೆಲ್ಫ್ ಗೌರ್ನಮೆಂಟ್ ಅಂದ್ರೆ ಅದೇ ಅಲ್ವಾ?"

ಯಾರ ಒತ್ತಾಯವೂ ಇಲ್ಲದೆ, ತನ್ನದೇ ಪಾರ್ಲಿಮೆಂಟಿನ ಪುರಾತನ ಗೌರವಕ್ಕೆ ಒಂದಿಷ್ಟೂ ಧಕ್ಕೆ ಬಾರದಂತೆ, ಒಂದು ಸ್ವತಂತ್ರ ದ್ವೀಪ ಲಂಡನ್ ಮಾಡಿದ್ದನ್ನೇ ಮಾಡಿತ್ತು. ನಮ್ಮ ಹುಡುಗಿಯೂ ಹಾಗೆಯೇ: ಯಾರೂ ಅವಳ ಕೈ ಹಿಡಿದಿರಲಿಲ್ಲ. ಆಗಲಿ ಅತ್ತಿ ಎಂದವಳು ಅವಳೇ. ನಾನು ಹೆಚ್ಚು ಕಡಿಮೆ ಒಂದು ಬುಟ್ಟಿ ಗಜ್ಜರಿಯನ್ನು ಹೆಚ್ಚಿದೆ. ಹೋಳು ಬಹಳ ಸಣ್ಣವಾದವೆಂದು ಅಡುಗೆಯವರು ಆಕ್ಷೇಪಿಸಿದರು.

ಆಷಾಢದ ಕೊನೆಯ ದಿನ ಭೀಮನ ಅಮಾವಾಸ್ಯೆ. ಗಂಡನ ಆಯುಷ್ಯಕ್ಕಾಗಿ ಹೆಂಡತಿ ಪೂಜೆ ಮಾಡುವ ದಿನ. ಮದುವೆಯ ಮೊದಲ ವರ್ಷ, ತಪ್ಪಿಸುವಂತಿಲ್ಲ. ಹುಡುಗಿ ಕೆಲಸ ಮುಗಿಸಿ ಬಂದು, ತನ್ನ ಕಿಟಕಿಯಿರುವ ಕೋಣೆಯಲ್ಲಿ ಫೋನನ್ನು ಒಂದು ಲೋಟಕ್ಕೆ ಆನಿಸಿಟ್ಟು, ಅದರಲ್ಲಿ ಕಾಣುವ ಗಂಡನಿಗೆ ಆರತಿ ಎತ್ತಿದಳು. ದೀಪದ ಬದಲು ಬ್ಯಾಟರಿಯ ಮೇಣದಬತ್ತಿ, ಏಕೆಂದರೆ ಬೆಂಕಿ ಹಚ್ಚಿದರೆ ಕಟ್ಟಡದ ಅಲಾರಾಂ ಹೊಡೆದುಕೊಳ್ಳುತ್ತದೆ. ನಾವೂ ನಮ್ಮ ಚೌಕದಲ್ಲಿ ಕೂತು ನೋಡಿದೆವು. ಹುಡುಗನಿಗೆ ವಿಷಯ ಗೊತ್ತಿತ್ತು. ಅವನ ನಗು ಅಂದು ಕಾಣಲಿಲ್ಲ.

ಅವನ ಪಕ್ಕದಲ್ಲಿ, ಈ ಸಲ ಫೋನು ನೆಟ್ಟಗಿದ್ದದ್ದರಿಂದ, ಅವನ ತಾಯಿಯ ಮುಖ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು. ದುಂಡಗಿನ, ಕಪಟವಿಲ್ಲದ ಮುಖ. ನಾನು ಒಂದು ತಿಂಗಳು ಆ ಫ್ಯಾನಿನ ಮೇಲೆ ಬೆಳೆಸಿಕೊಂಡಿದ್ದ ಸಿಟ್ಟಿಗೆ ಆ ಮುಖ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ.

"ಮುಗೀತವಾ ಆಷಾಢ!" ಎಂದರು ಆಕೆ, ಸಂತೋಷದಿಂದ. "ನಾಳೆ ಶ್ರಾವಣ. ಮುಂಜಾನೆ ಎದ್ದಾಕಿನ ಸ್ನಾನಾ ಮಾಡಿ ಗುಂಡಿ ಒತ್ತಿಬಿಡು. ಇನ್ನ ಯಾರೂ ಅಡ್ಡ ಬರಂಗಿಲ್ಲ."

ನಾನು ಬಾಯಿ ತೆರೆದೆ. ಹೆಂಡತಿ ಮೇಜಿನ ಕೆಳಗೆ ಈ ಸಲ ಕಾಲು ತುಳಿಯಲಿಲ್ಲ. ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

"ಹೂಂ ಅತ್ತಿ," ಎಂದಳು ಹುಡುಗಿ. "ಒತ್ತತೀನಿ."

ಅಮ್ಮನಿಗೆ ಹೇಳುವುದು ಬೇಡವೆಂದು ಅವಳೇ ಗಂಡನಿಗೆ ಆಣೆ ಹಾಕಿದ್ದಳೆಂದು ನಮಗೆ ಆಮೇಲೆ ತಿಳಿಯಿತು. ಜೀವನಪೂರ್ತಿ ಆಕಿ ಅದನ್ನ ನೆನಸಿ ಅಳೂದು ನನಗ ಬ್ಯಾಡ ಕಾಕಾ, ಎಂದಳು. ಇಷ್ಟು ಒಳ್ಳೆಯತನದ ಎದುರಿಗೆ ನನಗೆ ಬಹಳ ಕೆಟ್ಟ ಮಾತುಗಳು ನೆನಪಾದವು.

ಆದರೂ ಪ್ರಜೆಯ ಕರ್ತವ್ಯ ಬಿಡಬಾರದೆಂದು ನಮ್ಮ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯರ ಕಚೇರಿಗೆ ಹೋದೆ. ಸಹಾಯಕಿ ಮರ್ಯಾದೆಯಿಂದ ಕೂರಿಸಿ, ಕುಡಿಯಲು ನೀರು ಕೊಟ್ಟು, ಎಲ್ಲವನ್ನೂ ಕೇಳಿ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಆ ದ್ವೀಪ ತನ್ನನ್ನು ತಾನೇ ಆಳಿಕೊಳ್ಳುತ್ತದೆ ಎಂದಳು. ಹುಡುಗಿ ಅಲ್ಲಿ ತನ್ನ ಊರಿನ ಸದಸ್ಯರನ್ನು ಕಂಡಳು. ಅವರೂ ಮರ್ಯಾದಸ್ಥರೇ. ನಮ್ಮ ಕೈಯಲ್ಲಿ ಏನಿದೆ ತಾಯಿ, ಎಲ್ಲ ಲಂಡನ್ನಿನ ಜೊತೆ ಹೊಂದಿಕೊಂಡು ಹೋಗಬೇಕು ಎಂದರಂತೆ. ಹೀಗೆ ಇಬ್ಬರು ಜನಪ್ರತಿನಿಧಿಗಳ ಕಡೆಯವರು ಒಬ್ಬರನ್ನೊಬ್ಬರು ನೋಡದೆಯೇ ಸಂಪೂರ್ಣ ಒಮ್ಮತಕ್ಕೆ ಬಂದರು.

ಹುಡುಗ ತನ್ನ ಲ್ಯಾಬಿನ ಕೆಲಸದ ಆಧಾರದ ಮೇಲೆ ಸ್ವಂತವಾಗಿ ಬರಬಹುದೇ ಎಂದೂ ನೋಡಿದರು. ಅದಕ್ಕೆ ಬೇಕಾದ ಅರ್ಹತೆಯ ಮಟ್ಟವನ್ನೂ ಅದೇ ಸಮಯದಲ್ಲಿ ಏರಿಸಿದ್ದರು. ಬೇರೆ ದಾರಿ ಕಾಣಲಿಲ್ಲ. ಕಾರ್ತಿಕದಲ್ಲಿ ಅವಳು ಕೆಲಸ ಬಿಟ್ಟಳು. ಕೊನೆಯ ದಿನ ಆ ಹಡಗಿನ ಮುದುಕ, ಗಾಳಿ ಸರಿಹೋಯಿತೇ ಎಂದು ಕೇಳಿದನಂತೆ. ಸರಿಹೋಯಿತು, ನಾನೇ ಹೋಗುತ್ತಿದ್ದೇನೆ ಎಂದಳಂತೆ. ಒಳ್ಳೆಯದು, ಹೆಂಗಸರಿಗೆ ಹಡಗು ನಡೆಸಲು ಬರುತ್ತದೆಂದು ನಾನು ಮೊದಲೇ ಹೇಳಿದ್ದೆ ಎಂದನಂತೆ.

ವಿಜಯಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಯಲ್ಲಿ ಎರಡು ರಾತ್ರಿ ಇದ್ದಳು. ಅದೇ ಬಾಕ್ಸ್ ರೂಮು, ಅದೇ ಇಸ್ತ್ರಿ ಮೇಜು. ಹೊರಡುವ ಬೆಳಿಗ್ಗೆ ನಾನು ಕೆಳಗಿಳಿದು ಬಂದರೆ ಮನೆ ಬೆಚ್ಚಗಿತ್ತು. ಮೊದಲು ನನಗೆ ಜ್ವರ ಬಂದಿದೆಯೇನೋ ಅನ್ನಿಸಿತು. ನೋಡಿದರೆ ಗುಂಡಿ ಇಪ್ಪತ್ತಮೂರರಲ್ಲಿತ್ತು. ಹೆಂಡತಿ ಒಲೆಯ ಕಡೆ ಮುಖ ಮಾಡಿ, ಪ್ರಯಾಣಕ್ಕೆಂದು ಚಪಾತಿ ಬೇಯಿಸುತ್ತಿದ್ದಳು. ನಾನು ಗುಂಡಿ ನೋಡಿದ್ದನ್ನು ಅವಳು ನೋಡಿದಳು.

"ಮೌಶೀ, ಎಷ್ಟು ಸೆಕಿ ಮಾಡೀರಿ!" ಎಂದಳು ಹುಡುಗಿ, ಕೋಟು ಬಿಚ್ಚುತ್ತಾ.

"ಇರ್ಲಿ," ಎಂದಳು ಹೆಂಡತಿ. "ಹೊರಗ ಥಂಡಿ ಅದ."

ಬಾಗಿಲಲ್ಲಿ ಹುಡುಗಿ ಪರ್ಸಿನಲ್ಲಿ ಉಳಿದಿದ್ದ ದ್ವೀಪದ ನೋಟೊಂದನ್ನು ನನ್ನ ಕೈಗಿತ್ತಳು. "ನಮ್ಮ ರೊಕ್ಕ ಅಲ್ಲಂತೂ ನಡೆಯಂಗಿಲ್ಲ. ನಿಮ್ಮ ಶೆಡ್ಡಿನಾಗ ಇಡ್ರಿ ಕಾಕಾ. ಅದೂ ಸ್ವತಂತ್ರ ಅಲ್ಲೇನು?" ಪೋಸ್ಟರಿನ ಪಕ್ಕದಲ್ಲಿ ಅಂಟಿಸಿದ್ದೇನೆ. ಅವಳು ಹೋದ ಸಂಜೆಯೇ ಗುಂಡಿ ಹದಿನೇಳಕ್ಕೆ ಇಳಿಯಿತು.

ಸೊಸೆಗೆ ಅಲ್ಲಿಯ ಚಳಿ ಒಗ್ಗಲಿಲ್ಲವೆಂದು ಅವಳ ಅತ್ತೆ ಓಣಿಯವರಿಗೆ ಹೇಳುತ್ತಾರೆ. ಅವಳು ಈಗ ವಿಜಯಪುರದ ಒಂದು ಆಸ್ಪತ್ರೆಯಲ್ಲಿ, ದ್ವೀಪದಲ್ಲಿ ಸಿಗುತ್ತಿದ್ದುದರ ಸಣ್ಣ ಪಾಲಿಗೆ, ದಿನದ ಪಾಳಿ ಮಾಡುತ್ತಾಳೆ. ದ್ವೀಪದ ಕೇರ್ ಹೋಮಿನಲ್ಲಿ ಅವಳ ಜಾಗಕ್ಕೆ ಈವರೆಗೂ ಯಾರೂ ಬಂದಿಲ್ಲ.